ಮಾಸ್ಕ್ ಸೋರಿದರೆ ಬೆಲ್ಟ್ ಬಿಗಿಯಬೇಡಿ

ಗೊರಕೆ ಕಾಯಿಲೆಗೆಂದು ಬಳ್ಳಾರಿಯಿಂದಲೋ ಬೆಂಗಳೂರಿನಿಂದಲೋ ತಂದ, ನಿದ್ದೆಯಲ್ಲಿ ಮಾಸ್ಕಿನ ಮೂಲಕ ಗಾಳಿ ಒತ್ತುವ ಸಿ-ಪ್ಯಾಪ್ ಯಂತ್ರವನ್ನು ಬೀರುವಿನ ಮೇಲೆ ಎತ್ತಿಟ್ಟವರು ನಮ್ಮ ಮೊಳಕಾಲ್ಮೂರಿನಲ್ಲಿ ನನಗೆ ಗೊತ್ತಿರುವವರೇ ಹಲವರಿದ್ದಾರೆ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಯಂತ್ರ ಕೆಟ್ಟಿದೆ ಎಂದು ಯಾರೂ ಹೇಳುವುದಿಲ್ಲ. "ಸಿಸ್ಟ್ರಮ್ಮಾ, ರಾತ್ರಿಯೆಲ್ಲ ಕಣ್ಣಿಗೆ ಗಾಳಿ ಹೊಡೀತೈತೆ. ಬೆಲ್ಟ್ ಬಿಗಿ ಮಾಡಿದ್ರೆ ಮೂಗು ಹುಣ್ಣಾಗ್ತೈತೆ. ಅದರ ಸಹವಾಸನೇ ಬ್ಯಾಡ" ಅನ್ನುತ್ತಾರೆ. ಅಂದರೆ ಅವರನ್ನು ಸೋಲಿಸಿದ್ದು ಯಂತ್ರವೂ ಅಲ್ಲ, ಕಾಯಿಲೆಯೂ ಅಲ್ಲ. ಮಾಸ್ಕಿನ ಅಂಚಿನಿಂದ ನುಸುಳುವ ಗಾಳಿ.

ನಾನು ಈ ತಾಲ್ಲೂಕಿನಲ್ಲೇ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ನಮ್ಮ ಮನೆಯವರು ರೇಷ್ಮೆ ಸೀರೆ ನೇಯುವವರು. ಅವರಿಗೆ ಈ ಗೊರಕೆ ಕಾಯಿಲೆ, ಅಂದರೆ ಸ್ಲೀಪ್ ಅಪ್ನಿಯಾ ಇದೆ, ವರ್ಷಗಳಿಂದ ಈ ಯಂತ್ರ ಹಾಕಿಕೊಂಡೇ ಮಲಗುತ್ತಾರೆ. ಮಾಸ್ಕ್ ಸೋರುವುದು ಹಾಕಿಕೊಂಡವರಿಗಿಂತ ಮೊದಲು ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗುತ್ತದೆ. ಅವರು ನಿದ್ದೆಯಲ್ಲಿರುತ್ತಾರೆ, ನಾವು ಎಚ್ಚರವಾಗಿರುತ್ತೇವೆ. ಹಾಗಾಗಿ ಈ ಸೋರಿಕೆಯನ್ನು ಕಂಡುಹಿಡಿದು ನಿಲ್ಲಿಸುವ ಬಗೆಯನ್ನು ರೋಗಿಗಳಿಗೆ ಮಾತ್ರವಲ್ಲ, ಅವರ ಮನೆಯವರಿಗೂ ಹೇಳಬೇಕೆಂದು ಬರೆಯುತ್ತಿದ್ದೇನೆ.

ಗಂಟಲು ಮುಚ್ಚಿಕೊಳ್ಳುವ ಕಾಯಿಲೆ

ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಈ ಕಾಯಿಲೆಯ ಹೆಸರು ಪತ್ರಿಕೆ, ಟಿ.ವಿ.ಗಳಲ್ಲೆಲ್ಲ ಬಂತು. ನಿದ್ದೆ ಹತ್ತಿದಾಗ ಎಲ್ಲರ ಗಂಟಲಿನ ಸ್ನಾಯುಗಳೂ ಸಡಿಲವಾಗುತ್ತವೆ. ಕೆಲವರಲ್ಲಿ ನಾಲಿಗೆಯ ಬುಡ, ಕಿರುನಾಲಿಗೆಯ ಸುತ್ತಲಿನ ಮೆದು ಭಾಗ ಹಿಂದಕ್ಕೆ ಕುಸಿದು ಉಸಿರಿನ ದಾರಿಯನ್ನೇ ಮುಚ್ಚಿಬಿಡುತ್ತದೆ. ಎದೆ ಎಳೆಯುತ್ತಿರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ, ದೊಡ್ಡದೊಂದು ಗೊರಕೆಯೊಡನೆ ಉಸಿರು ಮತ್ತೆ ಶುರುವಾಗುತ್ತದೆ. ಇಂಥ ತಡೆ 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಒಂದು ಅಪ್ನಿಯಾ ಎಂದು ಲೆಕ್ಕ ಹಾಕುತ್ತಾರೆ. ಉಸಿರು ಪೂರ್ತಿ ನಿಂತದ್ದು, ಅರೆಬರೆ ಆದದ್ದು ಎರಡೂ ಸೇರಿ ಗಂಟೆಗೆ 5ರಿಂದ 15 ಸಲವಾದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ.

ಇದು ದಪ್ಪಗಿರುವವರ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. ತೂಕ ಹೆಚ್ಚಿದ್ದರೆ ಅಪಾಯ ಹೆಚ್ಚು, ನಿಜ. ಆದರೆ ಸಣ್ಣ ದವಡೆ, ಕಿರಿದಾದ ಗಂಟಲು ಇರುವ ಸಪೂರ ಜನರಿಗೂ ಬರುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಹೆಚ್ಚುತ್ತದೆ. ಆದರೆ ಅವರು ಗೊರಕೆಯ ಮಾತೆತ್ತದೆ ಸುಸ್ತು, ತಲೆನೋವು, ನಿದ್ದೆ ಬರಲ್ಲ ಎಂದಷ್ಟೇ ಹೇಳುವುದರಿಂದ ಬೇಗ ಪತ್ತೆಯಾಗುವುದಿಲ್ಲ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಬಿ.ಪಿ. ಹತೋಟಿಗೆ ಬರುವುದು ಕಷ್ಟ, ಹೃದಯಕ್ಕೂ ಪೆಟ್ಟು, ಲಕ್ವದ ಅಪಾಯವೂ ಹೆಚ್ಚು. ಹಗಲು ಕೂತಲ್ಲೇ ತೂಕಡಿಕೆ. ಹಾನಗಲ್, ರಾಂಪುರದ ಮೇಲೆ ಬಳ್ಳಾರಿಗೆ ಹೋಗುವ 150ಎ ಹೆದ್ದಾರಿಯಲ್ಲಿ ರಾತ್ರಿ ಲಾರಿ ಓಡಿಸುವವರಿಗೆ ಆ ತೂಕಡಿಕೆ ಏನು ಮಾಡೀತೆಂದು ಬಿಡಿಸಿ ಹೇಳಬೇಕಿಲ್ಲ.

ಗಾಳಿಯೇ ಔಷಧ

ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಅವರ ಸಂಗಡಿಗರು ಸಿ-ಪ್ಯಾಪ್ ಚಿಕಿತ್ಸೆಯನ್ನು ಐದು ರೋಗಿಗಳ ಮೇಲೆ ನಡೆಸಿ 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂಗಿನ ಮೂಲಕ ಒಂದೇ ಸಮನೆ ಗಾಳಿ ಒತ್ತುತ್ತಿದ್ದರೆ ಗಂಟಲಿನ ದಾರಿ ಕುಸಿಯದೆ ತೆರೆದೇ ಇರುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಆ ಮೊದಲ ದಿನಗಳಲ್ಲಿ ಮಾಸ್ಕನ್ನು ರೋಗಿಯ ಮೂಗಿಗೆ ರಾತ್ರಿ ರಾತ್ರಿ ಅಂಟು ಹಚ್ಚಿ ಕೂರಿಸುತ್ತಿದ್ದರು. ಗಾಳಿ ಸೋರದಂತೆ ನೋಡಿಕೊಳ್ಳುವುದು ಈ ಚಿಕಿತ್ಸೆ ಹುಟ್ಟಿದಾಗಿನಿಂದಲೂ ಇರುವ ಕಷ್ಟ ಎಂಬುದು ಇದರಿಂದಲೇ ತಿಳಿಯುತ್ತದೆ.

ಈಗಿನ ಯಂತ್ರಗಳ ಒತ್ತಡ ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಮಟ್ಟದ್ದು. 10 ಎಂದರೆ, 10 ಸೆಂಟಿಮೀಟರ್ ಆಳದ ನೀರಿನ ತಳದಲ್ಲಿ ಕೊಳವೆಯಿಂದ ಗುಳ್ಳೆ ಎಬ್ಬಿಸಲು ಎಷ್ಟು ಊದಬೇಕೋ ಅಷ್ಟು. ಕೇಳಲು ಅಲ್ಪ. ಆದರೆ ಅಷ್ಟು ಒತ್ತಡ ರಾತ್ರಿಯಿಡೀ ಗಂಟಲಿಗೆ ತಲುಪಬೇಕು. ಸ್ವಲ್ಪ ಸೋರಿದರೆ ಯಂತ್ರವೇ ಜೋರಾಗಿ ಊದಿ ಸರಿದೂಗಿಸಿಕೊಳ್ಳುತ್ತದೆ. ಸೋರಿಕೆ ಮಿತಿ ಮೀರಿದರೆ ಒತ್ತಡ ಇಳಿದು ಗಂಟಲು ಮತ್ತೆ ಮುಚ್ಚಿಕೊಳ್ಳುತ್ತದೆ. ಮಾಸ್ಕ್ ಮುಖದ ಮೇಲಿರುತ್ತದೆ, ಚಿಕಿತ್ಸೆ ನಡೆದಿರುವುದಿಲ್ಲ. ಜತೆಗೆ ಕಣ್ಣು ಕೆಂಪಾಗಿ ಉರಿಯುವುದು, ಬಾಯಿ ಒಣಗಿ ಅಂಟುವುದು, ಸದ್ದಿಗೆ ಮನೆಮಂದಿಯೆಲ್ಲ ಎಚ್ಚರವಾಗುವುದು.

ಇಲ್ಲೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಪ್ರತಿ ಮಾಸ್ಕಿನ ಮುಂಭಾಗದಲ್ಲೋ ಪೈಪು ಸೇರುವ ಮೊಣಕೈಯಲ್ಲೋ ಸಣ್ಣ ಸಣ್ಣ ತೂತುಗಳಿರುತ್ತವೆ. ಅಲ್ಲಿಂದ ಗಾಳಿ ಹೊರಬರುವುದು ಸೋರಿಕೆ ಅಲ್ಲ. ನಾವು ಬಿಟ್ಟ ಉಸಿರಿನ ಕೆಟ್ಟ ಗಾಳಿ ಹೊರಹೋಗಲೆಂದೇ ಇಟ್ಟಿರುವ ದಾರಿ ಅದು. ಒಂದು ಮನೆಯಲ್ಲಿ ಪಕ್ಕದವರಿಗೆ ತಣ್ಣನೆ ಗಾಳಿ ಬೀಸುತ್ತದೆಂದು ಆ ತೂತುಗಳಿಗೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿದ್ದರು. ನಿಂತ ಕಾಲಲ್ಲೇ ಕಿತ್ತು ಹಾಕಿಸಿದೆ. ಅದನ್ನು ಮುಚ್ಚಿದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ, ಅದು ಅಪಾಯ. ಗಾಳಿ ತಾಗಿದರೆ ಪಕ್ಕದವರು ಸ್ವಲ್ಪ ಸರಿದು ಮಲಗಲಿ, ತೂತಿನ ತಂಟೆಗೆ ಹೋಗಬೇಡಿ.

ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು

ಸರಿಪಡಿಸುವ ಮೊದಲು ಜಾಗ ಗೊತ್ತಾಗಬೇಕು. ಒದ್ದೆ ಬೆರಳನ್ನು ಮಾಸ್ಕಿನ ಅಂಚಿನ ಸುತ್ತ ನಿಧಾನವಾಗಿ ಆಡಿಸಿದರೆ ಸೋರುವ ಕಡೆ ಬೆರಳು ತಣ್ಣಗಾಗುತ್ತದೆ. ನಮ್ಮ ಮನೆಯಲ್ಲಿ ಇದಕ್ಕಿಂತ ಚೆನ್ನಾದ ಸಾಧನ ಮಗ್ಗದ ಪಕ್ಕದಲ್ಲೇ ಬಿದ್ದಿರುತ್ತದೆ: ರೇಷ್ಮೆಯ ಒಂದೇ ಒಂದು ಎಳೆ. ಗೇಣುದ್ದದ ಎಳೆಯ ತುದಿ ಹಿಡಿದು ಮೂಗಿನ ಬುಡದಿಂದ ಶುರು ಮಾಡಿ, ಕಣ್ಣಿನ ಮೂಲೆ, ಕೆನ್ನೆ, ಮೇಲ್ದುಟಿ ಎಂದು ಅಂಚಿನ ಗುಂಟ ಇಳಿಸುತ್ತ ಬರುತ್ತೇನೆ. ಗಾಳಿ ಇಲ್ಲದ ಕಡೆ ಎಳೆ ನೇರ ಜೋತುಬಿದ್ದಿರುತ್ತದೆ. ಸೋರುವ ಕಡೆ ಬಂದ ಕೂಡಲೇ ಅದರ ತುದಿ ಹೊರಕ್ಕೆ ಹಾರಿ ನಡುಗುತ್ತದೆ. ಫ್ಯಾನು ಆರಿಸಿ, ಪುಟ್ಟ ಟಾರ್ಚ್ ಹಿಡಿದು ನೋಡಿದರೆ ಎರಡು ನಿಮಿಷದ ಕೆಲಸ. ಅಂಚು ಮುಗಿದ ಮೇಲೆ ಪೈಪಿನ ಎರಡೂ ತುದಿ, ನೀರಿನ ಡಬ್ಬಿಯ ಮುಚ್ಚಳ, ಪೈಪಿನ ಮಡಿಕೆಗಳನ್ನೂ ನೋಡಿ. ಮುಖದ ಹತ್ತಿರ ಏನೂ ಸಿಗದಿದ್ದರೆ ಪೈಪು ಸೀಳಿರಬಹುದು.

ಮಲಗಿಯೇ ಹಾಕಿ, ಗಾಳಿ ಬಿಟ್ಟೇ ಹೊಂದಿಸಿ

ಜನ ಕೂತು, ಕನ್ನಡಿ ನೋಡಿಕೊಂಡು, ಯಂತ್ರ ಚಾಲೂ ಮಾಡದೆ ಬೆಲ್ಟ್ ಎಳೆದು ಕಟ್ಟುತ್ತಾರೆ. ಮಲಗಿದಾಗ ಕೆನ್ನೆ ಜಾರುತ್ತದೆ, ಮುಖದ ಆಕಾರ ಬದಲಾಗುತ್ತದೆ. ಕೂತಾಗ ಸರಿ ಇದ್ದದ್ದು ಮಲಗಿದಾಗ ಸರಿ ಇರುವುದಿಲ್ಲ. ಆದ್ದರಿಂದ ರಾತ್ರಿ ಹೇಗೆ ಮಲಗುತ್ತೀರೋ ಹಾಗೇ ಮಲಗಿ, ಯಂತ್ರ ಚಾಲೂ ಮಾಡಿ, ಪೂರ್ತಿ ಒತ್ತಡ ಬಂದಾಗ ಹೊಂದಿಸಿ. ಹಲವು ಯಂತ್ರಗಳಲ್ಲಿ ಮಾಸ್ಕ್ ಹೊಂದಿದೆಯೇ ಎಂದು ನೋಡುವ ಪರೀಕ್ಷೆಯೇ ಇರುತ್ತದೆ.

ಮಾಸ್ಕಿನ ಅಂಚನ್ನು ಹತ್ತಿರದಿಂದ ನೋಡಿ. ಹೆಚ್ಚಿನವುಗಳಲ್ಲಿ ಸಿಲಿಕಾನಿನ ಎರಡು ಪದರ ಇರುತ್ತವೆ: ಒಳಗಿನದು ಸ್ವಲ್ಪ ದಪ್ಪ, ಚರ್ಮಕ್ಕೆ ತಾಗುವ ಹೊರಗಿನದು ಪೊರೆಯಷ್ಟು ತೆಳು. ಗಾಳಿ ತುಂಬಿದಾಗ ಆ ತೆಳು ಪದರ ಉಬ್ಬಿ ಮೂಗಿನ ಏರುತಗ್ಗುಗಳಿಗೆ ತಾನಾಗಿ ಅಪ್ಪಿಕೊಳ್ಳುತ್ತದೆ. ಬೆಲ್ಟ್ ಜಗ್ಗಿ ಬಿಗಿದರೆ ಎರಡೂ ಪದರ ಒಂದಕ್ಕೊಂದು ಚಪ್ಪಟೆಯಾಗಿ ಅಂಟಿ, ಪೊರೆಯಲ್ಲಿ ಸುಕ್ಕು ಬೀಳುತ್ತದೆ. ಆ ಸುಕ್ಕಿನಿಂದಲೇ ಗಾಳಿ ನುಸುಳುತ್ತದೆ. ಹೆಚ್ಚು ಬಿಗಿದಷ್ಟೂ ಹೆಚ್ಚು ಸೋರುವ ವಿಚಿತ್ರಕ್ಕೆ ಕಾರಣ ಇದೇ. ನಮ್ಮ ಮನೆಯವರಿಗೆ ನಾನು ಮಗ್ಗದ ಭಾಷೆಯಲ್ಲೇ ಹೇಳಿದೆ: ಹಾಸು ಅತಿಯಾಗಿ ಬಿಗಿದರೆ ಎಳೆ ಕಡಿಯುತ್ತದೆ, ಸಡಿಲ ಬಿಟ್ಟರೆ ಲಾಳಿ ಓಡುವುದಿಲ್ಲ, ಬೆಲ್ಟೂ ಹಾಗೇ. ಅವರಿಗೆ ಮತ್ತೆ ಹೇಳಬೇಕಾಗಲಿಲ್ಲ.

ಕ್ರಮ ಹೀಗೆ. ಎಲ್ಲ ಬೆಲ್ಟ್ ಸಡಿಲಿಸಿ. ಗಾಳಿ ಬರುತ್ತಿರುವಾಗ ಮಾಸ್ಕನ್ನು ಹಿಡಿದು ಮುಖದಿಂದ ಒಂದು ಬೆರಳಿನಷ್ಟು ಮುಂದಕ್ಕೆ ಎಳೆಯಿರಿ. ಪೊರೆ ಉಬ್ಬಿ ಬಿಚ್ಚಿಕೊಳ್ಳಲಿ. ಮೆಲ್ಲಗೆ ವಾಪಸು ಕೂರಿಸಿ. ಮೊದಲು ಕೆಳಗಿನ, ಆಮೇಲೆ ಮೇಲಿನ ಬೆಲ್ಟನ್ನು ಎಡಬಲ ಸಮನಾಗಿ, ಸೋರಿಕೆ ನಿಲ್ಲುವಷ್ಟಕ್ಕೆ ಮಾತ್ರ ಎಳೆಯಿರಿ. ಬೆಲ್ಟಿನ ಕೆಳಗೆ ಬೆರಳು ಸಲೀಸಾಗಿ ಹೋಗಬೇಕು. ಬೆಳಗ್ಗೆ ಮೂಗಿನ ಮೇಲೆ ಕೆಂಪು ಗೆರೆ ಹೊತ್ತಾದರೂ ಮಾಯದಿದ್ದರೆ ಬಿಗಿ ಹೆಚ್ಚಾಗಿದೆ, ಅಥವಾ ಮಾಸ್ಕಿನ ಅಳತೆಯೇ ನಿಮ್ಮದಲ್ಲ.

ಮುಖದ ಲೆಕ್ಕ

ಮಾಸ್ಕುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೂಗಿನ ಹೊಳ್ಳೆಗೆ ಮಾತ್ರ ಒತ್ತಿ ನಿಲ್ಲುವ ಪುಟ್ಟ ಮೆತ್ತೆಗಳು, ಮೂಗನ್ನು ಮುಚ್ಚುವ ಮಾಸ್ಕ್, ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕ್. ಅಂಚು ಉದ್ದವಾದಷ್ಟೂ ಸೋರುವ ಜಾಗ ಹೆಚ್ಚು. ಅದಕ್ಕೇ ಮೂಗು ಕಟ್ಟದವರಿಗೆ ವೈದ್ಯರು ಸಾಮಾನ್ಯವಾಗಿ ಮೂಗಿನ ಮಾಸ್ಕಿನಿಂದಲೇ ಶುರು ಮಾಡುತ್ತಾರೆ. ದೊಡ್ಡದು ತಂದರೆ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೊಡ್ಡ ಮಾಸ್ಕು ಕಣ್ಣಿನ ಮೂಲೆಗೆ ಗಾಳಿ ಬಿಡುತ್ತದೆ, ಚಿಕ್ಕದು ಹೊಳ್ಳೆಯನ್ನು ಒತ್ತುತ್ತದೆ.

ಪೆಟ್ಟಿಗೆಯ ಜತೆ ಬರುವ ಸೂಚನಾ ಪುಸ್ತಕದಲ್ಲಿ ನಮ್ಮ ಮುಖಗಳ ಕೆಲವು ಸಂಗತಿಗಳನ್ನು ನಾನು ಕಂಡಿಲ್ಲ. ಹೆಂಗಸರ ಮೂಗುಬೊಟ್ಟು ಅವುಗಳಲ್ಲಿ ಮೊದಲನೆಯದು. ಅದರ ಹರಳು ಮಾಸ್ಕಿನ ಅಂಚನ್ನು ಅಷ್ಟೇ ಅಷ್ಟು ಎತ್ತಿ ಹಿಡಿಯುತ್ತದೆ. ರಾತ್ರಿಯೆಲ್ಲ ಸೋರಲು ಅಷ್ಟು ಸಾಕು, ತೆಳು ಪೊರೆ ಹರಿಯಲೂ ಸಾಕು. ಮಲಗುವಾಗ ಮೂಗುಬೊಟ್ಟು ತೆಗೆದಿಡಬೇಕು ಎಂದರೆ ಹಿರಿಯ ಮುತ್ತೈದೆಯರು ಒಪ್ಪುವುದಿಲ್ಲ. ಅಂಥವರಿಗೆ ಬೊಟ್ಟಿಗೆ ತಾಗದಂತೆ ಹೊಳ್ಳೆಯ ಕೆಳಗೆ ಕೂರುವ ಮಾಸ್ಕನ್ನು ಕೇಳಿ ತರಿಸಿಕೊಳ್ಳಬಹುದು. ತುರುಬು ಕಟ್ಟಿ ಮಲಗಿದರೆ ಹಿಂದಿನ ಬೆಲ್ಟ್ ಮೇಲಕ್ಕೆ ಜಾರುತ್ತದೆ. ಸಡಿಲ ಜಡೆ ಹಾಕಿ, ಜಡೆ ಬೆಲ್ಟಿನ ಕೆಳಗೆ ಬರಲಿ.

ಗಂಡಸರ ದಪ್ಪ ಮೀಸೆಯ ಕೂದಲುಗಳ ನಡುವಿನಿಂದಲೂ ಗಾಳಿ ಹೊರಡುತ್ತದೆ. ಮೀಸೆ ಬಿಡಲಾರೆ ಎನ್ನುವವರಿಗೆ ಹೊಳ್ಳೆಯ ಮೆತ್ತೆಗಳು ಹೊಂದುತ್ತವೆ. ರಾತ್ರಿ ತಲೆಗೆ, ಮುಖಕ್ಕೆ ಎಣ್ಣೆ ಹಚ್ಚುವ ಅಭ್ಯಾಸ ಇದ್ದರೆ ಸಿಲಿಕಾನ್ ಜಾರುತ್ತದೆ. ಎಣ್ಣೆ ಬೆಳಗ್ಗೆ ಹಚ್ಚಿ, ಮಲಗುವ ಮೊದಲು ಮುಖ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ಹಲ್ಲಿನ ಸೆಟ್ ಇರುವ ಹಿರಿಯರು ರಾತ್ರಿ ಅದನ್ನು ತೆಗೆದಾಗ ಕೆನ್ನೆ ಒಳಗೆ ಹೋಗುತ್ತದೆ, ಫುಲ್ ಫೇಸ್ ಮಾಸ್ಕಿನ ಕೆಳಭಾಗ ಸೋರುತ್ತದೆ. ಮಾಸ್ಕ್ ಅಳತೆ ಕೊಡುವಾಗ ಸೆಟ್ ತೆಗೆದೇ ಕೊಡಿ. ಇನ್ನೊಂದು: ಕೆಲವು ಮಾಸ್ಕುಗಳ ಕೊಂಡಿಯಲ್ಲಿ ಅಯಸ್ಕಾಂತ ಇರುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು, ತಲೆಯಲ್ಲಿ ಲೋಹದ ಕ್ಲಿಪ್ ಇದ್ದವರು, ಅವರ ಪಕ್ಕ ಮಲಗುವವರೂ ಅಂಥದ್ದನ್ನು ಬಳಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ಬಾಯಿಯಿಂದ ಸೋರುವುದು

ಮೂಗಿನ ಮಾಸ್ಕ್ ಅಂಚಿನಲ್ಲಿ ಎಲ್ಲೂ ಸೋರುತ್ತಿಲ್ಲ, ಆದರೂ ಬೆಳಗ್ಗೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿರುತ್ತದೆ ಎಂದರೆ ಗಾಳಿ ಬಾಯಿಯಿಂದ ಹೋಗುತ್ತಿದೆ. ನಮ್ಮ ಕಡೆ ಒಣಗಾಳಿ, ಧೂಳು ಎರಡೂ ಹೆಚ್ಚು. ಮೂಗು ಕಟ್ಟಿದರೆ ಬಾಯಿ ತಾನಾಗಿ ತೆರೆಯುತ್ತದೆ. ಮೊದಲು ಮೂಗಿಗೇ ಮದ್ದು ಮಾಡಬೇಕು. ಔಷಧದಂಗಡಿಯ ಸಲೈನ್ ಹನಿ, ಅಲರ್ಜಿ ಇದ್ದರೆ ವೈದ್ಯರು ಬರೆದುಕೊಡುವ ಸ್ಪ್ರೇ, ಯಂತ್ರದ ಹ್ಯೂಮಿಡಿಫೈಯರ್ ಡಬ್ಬಿಯಲ್ಲಿ ನೀರು. ಇಷ್ಟಕ್ಕೆ ಎಷ್ಟೋ ಜನರ ಬಾಯಿ ಮುಚ್ಚಿಕೊಳ್ಳುತ್ತದೆ. ಆಗದಿದ್ದರೆ ಗದ್ದಕ್ಕೆ ಕಟ್ಟುವ ಪಟ್ಟಿ, ಅದೂ ಆಗದಿದ್ದರೆ ಫುಲ್ ಫೇಸ್ ಮಾಸ್ಕ್. ಮೊಬೈಲಿನಲ್ಲಿ ನೋಡಿ ತುಟಿಗೆ ಟೇಪ್ ಅಂಟಿಸಿಕೊಳ್ಳುವ ಪ್ರಯೋಗ ಬೇಡ. ಮೂಗು ಕಟ್ಟಿದಾಗ, ವಾಂತಿ ಬಂದಾಗ ಅದು ಪ್ರಾಣಕ್ಕೆ ಎರವಾದೀತು.

ಹ್ಯೂಮಿಡಿಫೈಯರಿಗೆ ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಗಡಸು ನೀರು ಡಬ್ಬಿಯ ತಳದಲ್ಲಿ ಬಿಳಿ ಪೊರೆ ಕಟ್ಟಿ ಅದನ್ನು ಹಾಳು ಮಾಡುತ್ತದೆ. ಬ್ಯಾಟರಿ ಅಂಗಡಿಯವರು ಕೊಡುವ ನೀರೂ ಬೇಡ. ಔಷಧದಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಕೇಳಿ, ದಿನಾ ಹಳೆಯದನ್ನು ಚೆಲ್ಲಿ ಹೊಸದು ಹಾಕಿ. ಕರೆಂಟು ಹೋದಾಗ ಇನ್ವರ್ಟರ್ ಮೇಲೆ ನಡೆಸುವುದಾದರೆ ನೀರು ಬಿಸಿ ಮಾಡುವ ಭಾಗವನ್ನು ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಯಂತ್ರವೇ ನಿಂತರೆ ಮಾಸ್ಕ್ ತೆಗೆದುಬಿಡಿ. ಅಂಥ ಹೊತ್ತಿಗೆಂದೇ ಫುಲ್ ಫೇಸ್ ಮಾಸ್ಕಿನಲ್ಲಿ ಹೊರಗಿನ ಗಾಳಿ ಬರುವ ಕವಾಟ ಇರುತ್ತದೆ, ಆದರೂ ಅದನ್ನೇ ನಂಬಿ ಮಲಗಬೇಡಿ.

ಪೈಪು, ದಿಂಬು, ತೊಳೆಯುವುದು

ಮಧ್ಯರಾತ್ರಿ ಶುರುವಾಗುವ ಸೋರಿಕೆಗೆ ಬಹಳ ಸಲ ಕಾರಣ ಪೈಪು. ಮಗ್ಗುಲು ಬದಲಿಸಿದಾಗ ಪೈಪು ಮೈಕೆಳಗೆ ಸಿಕ್ಕಿ ಮಾಸ್ಕನ್ನು ಎಳೆಯುತ್ತದೆ. ಮಂಚದ ತಲೆದಿಸೆಯ ಕಿಟಕಿ ಸರಳಿಗೆ ಹಳೆ ಸೀರೆಯ ಪಟ್ಟಿಯನ್ನು ಸಡಿಲ ಕುಣಿಕೆ ಮಾಡಿ ಕಟ್ಟಿ, ಪೈಪನ್ನು ಅದರೊಳಗಿಂದ ತಲೆಯ ಮೇಲಿಂದ ಇಳಿಸಿದ್ದೇವೆ. ಅವರು ಯಾವ ಕಡೆ ಹೊರಳಿದರೂ ಪೈಪು ಜತೆಗೇ ಬರುತ್ತದೆ. ಮಗ್ಗುಲಾಗಿ ಮಲಗುವವರು ಮಾಸ್ಕಿನ ಬದಿ ದಿಂಬಿಗೆ ಒತ್ತದಂತೆ ಮುಖವನ್ನು ದಿಂಬಿನ ಅಂಚಿಗೆ ತರಬೇಕು. ಯಂತ್ರವನ್ನು ನೆಲದ ಮೇಲಿಡದೆ ಸ್ಟೂಲಿನ ಮೇಲಿಡಿ, ಧೂಳು ಕಡಿಮೆ ಎಳೆದುಕೊಳ್ಳುತ್ತದೆ. ಫಿಲ್ಟರ್ ಕಪ್ಪಾದರೆ ಬದಲಿಸಿ.

ಮುಖದ ಜಿಡ್ಡು ತಗುಲುವ ಅಂಚನ್ನು ದಿನಾ ಬೆಳಗ್ಗೆ ಉಗುರು ಬೆಚ್ಚನೆ ನೀರು, ಮಕ್ಕಳ ಸೋಪಿನಲ್ಲಿ ತೊಳೆದು ನೆರಳಲ್ಲಿ ಆರಹಾಕಿ. ಕುದಿವ ನೀರು, ಸ್ಪಿರಿಟ್, ಡೆಟಾಲ್, ನಮ್ಮೂರ ಉರಿಬಿಸಿಲು ಎಲ್ಲವೂ ಸಿಲಿಕಾನಿಗೆ ಶತ್ರು. ಅಂಚು ಹಳದಿಯಾಗಿ ಗಡಸಾದರೆ, ಪೊರೆ ಹರಿದರೆ, ಅದನ್ನು ಯಾವ ಬೆಲ್ಟೂ ಉಳಿಸದು. ಪೂರ್ತಿ ಮಾಸ್ಕ್ ಕೊಳ್ಳಬೇಕಿಲ್ಲ. ಹೆಚ್ಚಿನ ಕಂಪನಿಗಳು ಅಂಚನ್ನು, ಬೆಲ್ಟನ್ನು ಬೇರೆ ಬೇರೆಯಾಗಿ ಮಾರುತ್ತವೆ.

ಹಲವು ಯಂತ್ರಗಳ ಪರದೆಯಲ್ಲಿ ಬೆಳಗ್ಗೆ ಸೋರಿಕೆಯ ಲೆಕ್ಕ ಬರುತ್ತದೆ. ರೆಸ್‌ಮೆಡ್ ಯಂತ್ರಗಳಲ್ಲಿ ನಿಮಿಷಕ್ಕೆ 24 ಲೀಟರಿಗಿಂತ ಹೆಚ್ಚಾದರೆ ಗಮನ ಕೊಡಬೇಕು. ಬೇರೆ ಕಂಪನಿಯ ಯಂತ್ರ ತೂತುಗಳ ಗಾಳಿಯನ್ನೂ ಸೇರಿಸಿ ಲೆಕ್ಕ ತೋರಿಸಬಹುದು, ಆದ್ದರಿಂದ ನೆರೆಮನೆಯವರ ಅಂಕಿಗೆ ನಿಮ್ಮದನ್ನು ಹೋಲಿಸಬೇಡಿ. ಯಂತ್ರದಲ್ಲಿ ನಿಮ್ಮ ಮಾಸ್ಕಿನ ಬಗೆಯನ್ನು ಸರಿಯಾಗಿ ಆರಿಸಿದ್ದೀರಾ ಎಂದು ನೋಡಿ. ಇಲ್ಲದಿದ್ದರೆ ಅಂಕಿ ತಪ್ಪಾಗುತ್ತದೆ. ಎಲ್ಲ ಮಾಡಿದರೂ ಸೋರುತ್ತಿದ್ದರೆ ಒತ್ತಡವೇ ಹೆಚ್ಚಿರಬಹುದು. ಅದನ್ನು ಬದಲಿಸುವುದು ವೈದ್ಯರ ಕೆಲಸ.

ಕೇಳಿ ಪಡೆಯಬೇಕಾದದ್ದು

ಈ ಯಂತ್ರ ಮಾರುವವರಲ್ಲಿ ಕೆಲವರು ಫೋನಿನಲ್ಲಿ ಆರ್ಡರ್ ಪಡೆದು, ಕೊರಿಯರ್‌ನಲ್ಲಿ ಕಳಿಸಿ, ದುಡ್ಡು ಎಣಿಸಿಕೊಂಡು ಸುಮ್ಮನಾಗುತ್ತಾರೆ. ಸೀರೆ ಕೊಳ್ಳುವಾಗ ಅಂಚು ಸೆರಗು ಬಿಡಿಸಿ ನೋಡುವ ನಾವು, ಮುಖದ ಮೇಲೆ ರಾತ್ರಿಯೆಲ್ಲ ಇರುವ ಮಾಸ್ಕನ್ನು ನೋಡದೆ ಕೊಳ್ಳಬಾರದು. ಚಿಕ್ಕದು, ಮಧ್ಯಮ, ದೊಡ್ಡದು ಎಂಬ ಮೂರು ಅಳತೆಗಳನ್ನೂ ಮಲಗಿ, ಗಾಳಿ ಬಿಟ್ಟು ಹಾಕಿ ನೋಡುವ ಅವಕಾಶ ಕೊಡಿ ಎಂದು ಕೇಳಿ. ಹೊಂದದಿದ್ದರೆ ಬದಲಿಸಿ ಕೊಡುತ್ತೇವೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ವೈದ್ಯರ ಬಳಿ ಮರುತಪಾಸಣೆಗೆ ಹೋಗುವಾಗ ಮಾತ್ರೆ ಚೀಟಿಯ ಜತೆ ಮಾಸ್ಕನ್ನೂ, ಯಂತ್ರದೊಳಗಿನ ಮೆಮೊರಿ ಕಾರ್ಡನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಜತೆಗೆ ಪಕ್ಕದಲ್ಲಿ ಮಲಗುವವರು ಹೋಗಲಿ. ರಾತ್ರಿಯ ಸಾಕ್ಷಿ ಅವರೇ.

ಆರೋಗ್ಯ ಇಲಾಖೆಯನ್ನೂ ನಾನು ಕೇಳುವುದಿದೆ. ಮೊಳಕಾಲ್ಮೂರು, ಚಳ್ಳಕೆರೆಯಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ, ತರಬೇತಿ ಪಡೆದ ಒಬ್ಬ ನರ್ಸ್, ಒಂದು ಹಾಸಿಗೆ, ಮೂರು ಅಳತೆಯ ಮಾಸ್ಕುಗಳು ಇದ್ದರೆ ಸಾಕು. ಬಿ.ಪಿ., ಸಕ್ಕರೆ ಕಾಯಿಲೆಗೆ ಹೇಗೂ ಬರುವ ಜನರಿಗೆ ಅಲ್ಲೇ ಮಾಸ್ಕ್ ಹೊಂದಿಸಿ ಕೊಡಬಹುದು. ಮಗ್ಗದ ಕೂಲಿಯವರು ಒಂದು ದಿನದ ದುಡಿಮೆ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಳ್ಳಾರಿಗೆ ಹೋಗಿ ಬೆಲ್ಟ್ ಸಡಿಲಿಸಿಕೊಂಡು ಬರುವುದು ಆಗದ ಮಾತು. ಆ ದಿನ ಬರುವವರೆಗೆ ಕಾಯಬೇಕಿಲ್ಲ. ಯಂತ್ರ ಎತ್ತಿಟ್ಟವರು ಇವತ್ತೇ ಅದನ್ನು ಕೆಳಗಿಳಿಸಿ, ಅಂಚು ತೊಳೆದು, ಬೆಲ್ಟ್ ಸಡಿಲಿಸಿ, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೋರುವ ಜಾಗ ಹುಡುಕಿ. ಸಿಗದಿದ್ದರೆ ನಿಮ್ಮ ಊರಿನ ಆರೋಗ್ಯ ಸಹಾಯಕಿಯನ್ನು ಕರೆದು ಇದನ್ನು ಓದಿ ಹೇಳಿ. ನಾನು ಬಲ್ಲೆ, ಅವಳು ಬಂದು ನೋಡುತ್ತಾಳೆ.